ಜಿಪ್ಸಿಯ ಪ್ರೊಪೆಲ್ಲರ್ ಶಾಫ್ಟ್: ಉಕ್ಕೇ ಇರಲಿಯೇ, ಅಲ್ಯೂಮಿನಿಯಂ ಹಾಕಿಸಲೇ?

ತೀರ್ಥಹಳ್ಳಿ_ಜಿಪ್ಸಿ
ಗಂಟೆಗೆ 80 ಕಿ.ಮೀ. ದಾಟಿದರೆ ಸಾಕು, ಗಾಡಿಯ ತಳದಿಂದ ನಡುಕ ಶುರುವಾಗುತ್ತದೆ. ಗೇರ್ ಲಿವರ್ ಹಿಡಿದರೆ ಕೈ ಜೋಮು ಹಿಡಿಯುತ್ತದೆ. ಎಂಜಿನ್ನಿನ ಬಲವನ್ನು ಹಿಂದಿನ ಆಕ್ಸಲ್‌ಗೆ ಒಯ್ಯುವ ಹಿಂದಿನ ಶಾಫ್ಟಿಗೆ ಎರಡೂ ತುದಿಯ ಹೊಸ ಕ್ರಾಸ್ (ಓರೆಯಲ್ಲೂ ತಿರುಗಲು ಬಿಡುವ ಕೀಲು) ಹಾಕಿಸಿ, ಶಿವಮೊಗ್ಗದಲ್ಲಿ ಬ್ಯಾಲೆನ್ಸ್ ಮಾಡಿಸಿದೆ. ಚಕ್ರಗಳದ್ದೂ ಆಯಿತು. ದುಡ್ಡು ನೀರಿನಂತೆ ಹರಿಯಿತೇ ಹೊರತು ನಡುಕ ಹೋಗಲಿಲ್ಲ. ಆಟೋಕ್ರಾಸ್ ರೇಸಿಗೆಂದು ಎಂಜಿನ್ ಕೆಲಸ ಮಾಡಿಸಿರುವ ಗಾಡಿ. ಅಲ್ಯೂಮಿನಿಯಂ ಶಾಫ್ಟ್ ಮಾಡಿಸಿದರೆ ಸರಿಹೋಗುತ್ತದೆಯೇ? ಬಲ್ಲವರು ಹೇಳಿ, ಸಾಕಾಗಿಹೋಗಿದೆ.

ಸಾಗರ_ರ‍್ಯಾಲಿ
ಕಣ್ಣು ಮುಚ್ಚಿಕೊಂಡು ಅಲ್ಯೂಮಿನಿಯಂ ಹಾಕಿಸಿ. ತೂಕ ಮೂರನೇ ಒಂದು ಭಾಗ. ಹಗುರವಾದದ್ದು ಬಾಗುವುದಿಲ್ಲ, ಬಾಗದಿದ್ದರೆ ಅದುರುವುದಿಲ್ಲ. ಎಂಜಿನ್ ಕೂಡ ಬೇಗ ಏರುತ್ತದೆ.

ಭದ್ರಾವತಿ_ಲೇತ್
ಸರ್, ಸಾಂದ್ರತೆ ಮೂರನೇ ಒಂದು ಭಾಗ ನಿಜ (2.7 ಮತ್ತು 7.85). ಆದರೆ ಬಾಗದೆ ತಡೆಯುವ ಗುಣವೂ ಮೂರನೇ ಒಂದರಷ್ಟೇ: 70 ಗಿಗಾಪ್ಯಾಸ್ಕಲ್, ಉಕ್ಕಿನದು 200. ಅಳತೆ ಒಂದೇ ಇದ್ದರೆ ಎರಡೂ ಕೊಳವೆಗಳ ಕ್ರಿಟಿಕಲ್ ಸ್ಪೀಡ್ (ಕೊಳವೆ ಬಾಗಿ ಅದುರತೊಡಗುವ ವೇಗ) ಹೆಚ್ಚುಕಡಿಮೆ ಒಂದೇ. ವ್ಯಾಸ ಹೆಚ್ಚಿಸಿದಾಗ ಮಾತ್ರ ಅಲ್ಯೂಮಿನಿಯಂಗೆ ಲಾಭ. ಮಸ್ಟಾಂಗ್‌ನಂಥ ಕಾರಿನಲ್ಲಿ ಎರಡು ತುಂಡಿನ ಉಕ್ಕಿನ ಶಾಫ್ಟ್ ತೆಗೆದು ದಪ್ಪನೆಯ ಒಂದೇ ತುಂಡು ಹಾಕುತ್ತಾರಲ್ಲ, ಅಲ್ಲಿ ಅದು ಸರಿ. ಜಿಪ್ಸಿಯ ಶಾಫ್ಟ್ ಗಿಡ್ಡ. ಕ್ರೌನ್ ಅನುಪಾತ (ಚಕ್ರದ ಒಂದು ಸುತ್ತಿಗೆ ಶಾಫ್ಟ್ ತಿರುಗುವ ಸುತ್ತು) 4 ಎಂದಿಟ್ಟುಕೊಂಡರೂ 80ರ ವೇಗದಲ್ಲಿ ನಿಮಿಷಕ್ಕೆ ಸುಮಾರು 2500 ಸುತ್ತು. ಆ ಮಿತಿಯ ಹತ್ತಿರಕ್ಕೂ ಹೋಗುವುದಿಲ್ಲ.

ಸಾಗರ_ರ‍್ಯಾಲಿ
ನೀವು ಕಾರ್ಖಾನೆಯ ಊರಿನವರು, ಉಕ್ಕನ್ನು ಬಿಟ್ಟುಕೊಡುತ್ತೀರಾ?

ಭದ್ರಾವತಿ_ಲೇತ್
1923ರಿಂದ ಕಬ್ಬಿಣ ಕರಗಿಸಿದ ಊರು ಎಂಬ ಹೆಮ್ಮೆ ನನಗಿದೆ. ಆದರೆ ಇಲ್ಲಿ ಹೇಳಿದ್ದು ಲೆಕ್ಕ. ಎಂಜಿನ್ ಬೇಗ ಏರುವ ಮಾತಿಗೂ ಅಷ್ಟೇ: ಶಾಫ್ಟಿನ ತೂಕವೆಲ್ಲ ತಿರುಗುವ ಮಧ್ಯರೇಖೆಯ ಹತ್ತಿರವೇ ಇರುತ್ತದೆ. ಹಗುರ ಬೇಕೆಂದರೆ ಮೊದಲು ಚಕ್ರ, ಟೈರ್ ನೋಡಿ.

ಹೊಸನಗರ_ಫೋರ್‌ಬೈಫೋರ್
ನಮ್ಮ ಕಡೆ ಅಲ್ಯೂಮಿನಿಯಂ ಬೇಡವೇ ಬೇಡ. ತೋಟದ ದಾರಿಯ ಕಲ್ಲು ಒಮ್ಮೆ ತಗುಲಿ ಕೊಳವೆ ನೆಗ್ಗಿದರೆ ಮುಗಿಯಿತು. ಅಲ್ಯೂಮಿನಿಯಂ ಯೋಕ್‌ನೊಳಗೆ (ಶಾಫ್ಟಿನ ತುದಿಯ ಕವಲು) ಕೂರುವ ಕ್ರಾಸ್‌ನ ಕಪ್ ಉಕ್ಕಿನದು. ಆಗುಂಬೆಯ ಮಳೆ, ಕೆಸರು ಸೇರಿದರೆ ಆ ಸಂಧಿಯಲ್ಲೇ ಬಿಳಿ ಪುಡಿ ಕಟ್ಟಿ, ಕಪ್ ಸುತ್ತಿಗೆ ಏಟಿಗೂ ಜಗ್ಗುವುದಿಲ್ಲ. ನನ್ನ ಜೀಪಿಗೆ ದಪ್ಪ ಗೋಡೆಯ ಉಕ್ಕಿನ ಶಾಫ್ಟ್, ಮುಂದೆ ವಿಂಚ್, ಮಡ್ ಟೈರ್. ಕೊಡಚಾದ್ರಿ ಏರಿ ಇಳಿದರೂ ಸದ್ದಿಲ್ಲ. ಅಂದಹಾಗೆ, ಗಾಡಿ ಎತ್ತರಿಸಿದ್ದೀರಾ?

ತೀರ್ಥಹಳ್ಳಿ_ಜಿಪ್ಸಿ
ಹೌದು, ಉದ್ದನೆಯ ಶ್ಯಾಕಲ್ (ಪಟ್ಟಾ ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ) ಹಾಕಿಸಿದ್ದೇನೆ. ಅದು ಎಲ್ಲರೂ ಮಾಡಿಸುವುದೇ ಅಲ್ಲವೇ? ಕೇಳಿದ್ದು ಶಾಫ್ಟಿನ ವಿಷಯ.

ಭದ್ರಾವತಿ_ಲೇತ್
ಅದೇ ಶಾಫ್ಟಿನ ವಿಷಯ! ಹಿಂದಿನ ಶ್ಯಾಕಲ್ ಉದ್ದವಾದರೆ ಪಟ್ಟಾ ಓರೆಯಾಗಿ, ಪಿನಿಯನ್ (ಹಿಂದಿನ ಆಕ್ಸಲ್‌ನಲ್ಲಿ ಶಾಫ್ಟ್ ಕೂಡುವ ಗೇರ್) ಮೂತಿ ಮೇಲೆತ್ತುತ್ತದೆ. ಕ್ರಾಸ್ ಓರೆಯಲ್ಲಿ ತಿರುಗುವಾಗ ಒಂದು ಸುತ್ತಿನಲ್ಲಿ ಎರಡು ಸಲ ವೇಗ ಹೆಚ್ಚುಕಡಿಮೆಯಾಗುತ್ತದೆ. ಎರಡೂ ತುದಿಯ ಕೋನ ಸಮವಾಗಿದ್ದರೆ ಮಾತ್ರ ಒಂದರ ಏರಿಳಿತವನ್ನು ಇನ್ನೊಂದು ಅಳಿಸುತ್ತದೆ. ಬ್ಯಾಲೆನ್ಸ್ ಎಷ್ಟು ಮಾಡಿಸಿದರೂ, ಲೋಹ ಯಾವುದಾದರೂ, ಈ ನಡುಕ ಹೋಗದು. ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಬಲ ಹಂಚುವ ಪೆಟ್ಟಿಗೆ) ಫ್ಲೇಂಜಿಗೂ, ಅಂದರೆ ಶಾಫ್ಟ್ ಬೋಲ್ಟ್ ಆಗುವ ತಟ್ಟೆಗೂ, ಪಿನಿಯನ್ ಫ್ಲೇಂಜಿಗೂ ಮೊಬೈಲಿನ ಕೋನಮಾಪಕ ಒತ್ತಿ ಹಿಡಿದು ಓದಿ. ಕ್ರಾಸ್ ಹಾಕುವಾಗ ಸ್ಪ್ಲೈನ್ (ಶಾಫ್ಟಿನ ಹಲ್ಲುಗಳಿರುವ ಜಾರುವ ಜೋಡಣೆ) ಬಿಚ್ಚಿದ್ದರೆ ಎರಡೂ ತುದಿಯ ಯೋಕ್ ಒಂದೇ ಸಾಲಿನಲ್ಲಿವೆಯೇ ಎಂದೂ ನೋಡಿ.

ತೀರ್ಥಹಳ್ಳಿ_ಜಿಪ್ಸಿ
ಯೋಕ್ ಒಂದೇ ಸಾಲಿನಲ್ಲಿವೆ. ಕೋನ ಮಾತ್ರ 4 ಡಿಗ್ರಿ ವ್ಯತ್ಯಾಸ ಬರುತ್ತಿದೆ, ಪಿನಿಯನ್ ಮೇಲ್ಮುಖವಾಗಿದೆ.

ಭದ್ರಾವತಿ_ಲೇತ್
ಒಂದು ಡಿಗ್ರಿಯೊಳಗೆ ತನ್ನಿ. ಪಟ್ಟಾ ಮತ್ತು ಆಕ್ಸಲ್ ನಡುವೆ ಉಕ್ಕಿನ ವೆಡ್ಜ್ (ಒಂದು ತುದಿ ದಪ್ಪ, ಇನ್ನೊಂದು ತೆಳು ಇರುವ ಬಿಲ್ಲೆ) ಕೂರಿಸಬೇಕು. ದಪ್ಪ ತುದಿ ಯಾವ ಕಡೆ ಎಂಬುದನ್ನು ಕೂರಿಸುವ ಮುನ್ನ ಅಳೆದೇ ತೀರ್ಮಾನಿಸಿ, ಯು ಬೋಲ್ಟ್ ಹೊಸದು ಹಾಕಿಸಿ.

ಸಾಗರ_ರ‍್ಯಾಲಿ
ವೆಡ್ಜ್ ಹಾಕಿಸಿ, ಬೇಡವೆನ್ನುವುದಿಲ್ಲ. ಆದರೂ ಆಟೋಕ್ರಾಸ್ ಗಾಡಿಗೆ ಅಲ್ಯೂಮಿನಿಯಂ ಬೇಕು ಎಂಬ ನನ್ನ ಮಾತು ಬದಲಾಗದು.

ಹೊಸನಗರ_ಫೋರ್‌ಬೈಫೋರ್
ಶ್ಯಾಕಲ್ ಎಷ್ಟು ಇಂಚಿನದು? ಬುಷ್ ರಬ್ಬರಿನದೋ, ಪಾಲಿಯುರೆಥೇನ್‌ದೋ? ಫೋಟೋ ಹಾಕಿ.