ಕನೆಕ್ಷನ್ ಬಿಟ್ಟ ಮೇಲೂ ಬಿಲ್, ಜೊತೆಗೆ ಮೋಡೆಮ್‌ಗೆ 2,950 ರೂ.: ಏನು ಮಾಡೋದು?

ಕುವೆಂಪುನಗರ_ಫೈಬರ್:
ಮೈಸೂರಿನಿಂದ ಮಂಡ್ಯಕ್ಕೆ ಮನೆ ಬದಲಾಯಿಸಿದ್ದರಿಂದ ಜೂನ್ 10ಕ್ಕೆ ಫೈಬರ್ ಇಂಟರ್ನೆಟ್ ಬೇಡ ಅಂತ ಲೈನ್ ನೋಡೋ ಹುಡುಗನಿಗೆ ಫೋನ್ ಮಾಡಿ ಹೇಳಿದೆ. ಅವತ್ತೇ ಬಂದು ಮೋಡೆಮ್ ಬಿಚ್ಚಿಕೊಂಡು ಹೋದ. 599 ರೂ. ಪ್ಲಾನ್, ಜೂನ್ ದುಡ್ಡು ಮುಂಗಡವೇ ಕಟ್ಟಿದ್ದೆ. ಈಗ ಜುಲೈ ಬಿಲ್ 706.82 ರೂ., ಮೇಲೆ ‘ಸಾಧನ ವಾಪಸ್ ಬಂದಿಲ್ಲ’ ಅಂತ 2,950 ರೂ. ಹಾಕಿದ್ದಾರೆ. ಕಟ್ಟಬೇಕಾ?

ಸರಸ್ವತಿಪುರಂ_ನೆಟ್:
ಈಗಲೇ ಕಟ್ಟಬೇಡಿ ಸರ್, ಹಾಗಂತ ಸುಮ್ಮನೆ ಕೂರಲೂಬೇಡಿ. ಹುಡುಗನಿಗೆ ಹೇಳಿದ್ದು ಕಂಪನಿಯ ಸಿಸ್ಟಮ್‌ಗೆ ಹೋಗಿಲ್ಲ, ಅಲ್ಲಿ ನಿಮ್ಮ ಅಕೌಂಟ್ ಇನ್ನೂ ಚಾಲ್ತಿಯಲ್ಲಿದೆ. ವೈರ್ ಬಿಚ್ಚಿದ ದಿನ ಬಿಲ್ ನಿಲ್ಲೋದಿಲ್ಲ, ಡಿಸ್‌ಕನೆಕ್ಷನ್ ರಿಕ್ವೆಸ್ಟ್ ನಂಬರ್ ಹುಟ್ಟಿದ ಮೇಲೇ ನಿಲ್ಲೋದು. ನಿಮಗೆ ನಂಬರ್ ಬಂದಿದೆಯಾ?

ಕುವೆಂಪುನಗರ_ಫೈಬರ್:
ಇಲ್ಲ ಸರ್. ‘ಬಾಕ್ಸ್ ತಗೊಂಡೆ’ ಅಂತ ಅವನು ಹಾಕಿದ ವಾಟ್ಸಾಪ್ ಮೆಸೇಜ್ ಮಾತ್ರ ಇದೆ.

ಸರಸ್ವತಿಪುರಂ_ನೆಟ್:
ಅದೇ ನಿಮ್ಮ ರಸೀದಿ, ಡಿಲೀಟ್ ಮಾಡಬೇಡಿ. ತಾರೀಖು, ಸಮಯ, ಅವನ ನಂಬರ್ ಮೂರೂ ಕಾಣೋ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಡಿ. ಇವತ್ತೇ ರಿಜಿಸ್ಟರ್ ಆದ ಮೇಲ್ ಐಡಿಯಿಂದ ಕಸ್ಟಮರ್ ಕೇರ್‌ಗೆ ಬರೆಯಿರಿ: ಗ್ರಾಹಕ ಸಂಖ್ಯೆ, ‘ಜೂನ್ 10ರಿಂದ ಸಂಪರ್ಕ ಮುಚ್ಚಿ’, ಓಎನ್‌ಟಿ (ಅಂದರೆ ಫೈಬರ್ ಮೋಡೆಮ್) ಮತ್ತು ಅಡಾಪ್ಟರ್ ಕೊಟ್ಟ ತಾರೀಖು, ಮೋಡೆಮ್‌ನ ಸೀರಿಯಲ್ ನಂಬರ್, ಸ್ಕ್ರೀನ್‌ಶಾಟ್. ಸೀರಿಯಲ್ ನಂಬರ್ ಮೋಡೆಮ್‌ನ ಕೆಳಗಿನ ಸ್ಟಿಕ್ಕರ್‌ನಲ್ಲಿ ಇರುತ್ತೆ. ಮೋಡೆಮ್ ಕೈಬಿಟ್ಟಿರೋದರಿಂದ ರಟ್ಟಿನ ಡಬ್ಬ ಹುಡುಕಿ, ಬಾರ್‌ಕೋಡ್ ಕೆಳಗೂ ಅದೇ ನಂಬರ್ ಸಿಗಬಹುದು. ಆಮೇಲೆ ಫೋನ್ ಮಾಡಿ ಡಾಕೆಟ್ ನಂಬರ್ (ದೂರಿನ ಸಂಖ್ಯೆ) ಪಡೆಯಿರಿ. ‘ನಾಳೆ ಮಾಡ್ತೀವಿ’ ಅಂದರೆ ಒಪ್ಪಬೇಡಿ, ನಂಬರ್ ಬರೆದುಕೊಂಡೇ ಫೋನ್ ಇಡಿ.

2,950 ಅಂದರೆ 2,500ರ ಮೇಲೆ 18% ಜಿಎಸ್‌ಟಿ. ಮೋಡೆಮ್ ವಾಪಸ್ ಎಂಟ್ರಿ ಆದರೆ ಆ ಸಾಲು ತೆಗೆಯಬೇಕು.

ವಿಸಿ_ನಾಲೆ_ಮಂಡ್ಯ:
ಜೂನ್ ಲೆಕ್ಕ ನೋಡೋಣ. 599 ÷ 30 × 10 = 199.67, ಜಿಎಸ್‌ಟಿ 35.94 ಸೇರಿ 235.61 ರೂ. ದಿನದ ಲೆಕ್ಕ ಹಾಕೋ ಪ್ಲಾನ್ ಆದರೆ ಜೂನ್‌ಗೆ ಜಿಎಸ್‌ಟಿ ಸೇರಿ ಕಟ್ಟಿದ 706.82ರಲ್ಲಿ 471.21 ವಾಪಸ್ ಬರಬೇಕು. ಪೂರ್ತಿ ತಿಂಗಳ ಬಾಡಿಗೆ ಅಂತ ಷರತ್ತಿದ್ದರೆ ಜೂನ್ ದುಡ್ಡು ಹೋಯಿತು, ಆದರೂ ಜುಲೈಯದು ತೆಗೆಯಿರಿ ಅಂತ ಪಟ್ಟು ಹಿಡಿಯಿರಿ.

ಮೊದಲ ಬಿಲ್ ತೆಗೆದು ನೋಡಿ. ‘ಸೆಕ್ಯುರಿಟಿ ಡಿಪಾಸಿಟ್’ ಅಂತಿದ್ದು ಅದಕ್ಕೆ ತೆರಿಗೆ ಹಾಕಿಲ್ಲದಿದ್ದರೆ ಅದು ವಾಪಸ್ ಬರೋ ದುಡ್ಡು. ಪಕ್ಕದಲ್ಲಿ 18% ಇದ್ದರೆ ಬಹುಶಃ ಇನ್‌ಸ್ಟಾಲೇಷನ್ ಚಾರ್ಜ್, ಅದು ಬರಲ್ಲ. ಆರು ತಿಂಗಳ ಆಫರ್‌ನಲ್ಲಿ ಸೇರಿದ್ದರೆ ಮಧ್ಯೆ ಬಿಟ್ಟಾಗ ರಿಯಾಯಿತಿ ಕಿತ್ತುಕೊಳ್ಳೋ ಷರತ್ತು ಇರುತ್ತಾ ಅಂತಲೂ ಓದಿ.

ಆಟೋಪೇ ವಿಷಯ: ಬರೀ ಮ್ಯಾಂಡೇಟ್ (ದುಡ್ಡು ತಾನಾಗಿ ಕಡಿತ ಆಗೋಕೆ ನೀವು ಕೊಟ್ಟ ಅನುಮತಿ) ರದ್ದು ಮಾಡಿದರೆ ಅಕೌಂಟ್ ಮುಚ್ಚಲ್ಲ, ಬಾಕಿ ಬೆಳೀತಾ ಹೋಗುತ್ತೆ. ಈ ತಪ್ಪು ತುಂಬಾ ಜನ ಮಾಡ್ತಾರೆ. ಡಾಕೆಟ್ ನಂಬರ್ ಕೈಗೆ ಬಂದ ಮೇಲೆ ಯುಪಿಐ ಆ್ಯಪ್‌ನ ಆಟೋಪೇ ಭಾಗಕ್ಕೆ ಹೋಗಿ ತೆಗೆಯಿರಿ.

ಕುವೆಂಪುನಗರ_ಫೈಬರ್:
ಅವರು ಒಪ್ಪದಿದ್ದರೆ?

ಸರಸ್ವತಿಪುರಂ_ನೆಟ್:
ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ 30 ದಿನದೊಳಗೆ ಬರೆಯಿರಿ. ಟೆಲಿಕಾಂ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ ನಿಯಮದಂತೆ ಮೇಲ್ಮನವಿ 39 ದಿನದಲ್ಲಿ ಇತ್ಯರ್ಥ ಆಗಬೇಕು, ಶುಲ್ಕ ಇಲ್ಲ. ಜೊತೆಗೇ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಕೊನೆಗೆ ಜಿಲ್ಲಾ ಗ್ರಾಹಕ ಆಯೋಗ ಇದೆ. ಅಲ್ಲಿ 5 ಲಕ್ಷ ರೂ. ಒಳಗಿನ ವಿಷಯಕ್ಕೆ ಅರ್ಜಿ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಹಾಕಬೇಕು.

ವಿಸಿ_ನಾಲೆ_ಮಂಡ್ಯ:
ಅದೇ ಕಂಪನಿಯಲ್ಲಿ ಟಿವಿ ಬಾಕ್ಸ್ ಕೂಡ ಇದ್ದರೆ ಅದಕ್ಕೆ ಬೇರೆ ಗ್ರಾಹಕ ಸಂಖ್ಯೆ ಇರಬಹುದು, ನೆಟ್ ಮುಚ್ಚಿದರೆ ಅದು ತಾನಾಗಿ ಮುಚ್ಚಿತು ಅಂದುಕೊಳ್ಳಬೇಡಿ. ಎರಡಕ್ಕೂ ಬೇರೆ ಬೇರೆ ರಿಕ್ವೆಸ್ಟ್ ಹಾಕಿ, ಬಾಕಿ ಸೊನ್ನೆ ಅಂತ ತೋರಿಸೋ ಕೊನೆ ಬಿಲ್ ಬರೋವರೆಗೂ ಹಳೇ ಮೊಬೈಲ್ ನಂಬರ್ ಬಿಡಬೇಡಿ, ಓಟಿಪಿ ಅದಕ್ಕೇ ಬರೋದು.