ಪದ ಬೇಕು: ಕೋರ್ಟಿನ ‘ಡೆಫರೆನ್ಸ್’ಗೆ ಕನ್ನಡದಲ್ಲಿ ಏನು? (ತುರ್ತು)

ಬಳಗದವರಿಗೆ ನಮಸ್ಕಾರ.

ಅಮೆರಿಕದಲ್ಲಿ ದುಡಿಯುವ ಕನ್ನಡಿಗರಿಗಾಗಿ ಒಂದು ಕರಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಅಚ್ಚಿಗೆ ಹೋಗಬೇಕು. ಕಾಯಿಲೆ ಬಿದ್ದವರಿಗೆ ಕಂಪನಿಯ ಯೋಜನೆಯಿಂದ ಹಣ ಸಿಗದಿದ್ದರೆ ಏನು ಮಾಡಬೇಕು ಅನ್ನುವುದು ವಿಷಯ. ಕಂಪನಿಗಳು ನೌಕರರಿಗೆ ಕೊಡುವ ಸೌಲಭ್ಯಗಳ ಮೇಲಿನ 1974ರ ಎರಿಸಾ ಕಾಯ್ದೆಯಡಿ ಬರುವ ಯೋಜನೆಗಳು ಇವು. ಅಮೆರಿಕದ ಸುಪ್ರೀಂ ಕೋರ್ಟಿನ 1989ರ ಫೈರ್‌ಸ್ಟೋನ್ ತೀರ್ಪಿನಂತೆ ಕೋರ್ಟು ಇಂಥ ತಕರಾರನ್ನು ಹೊಸದಾಗಿಯೇ, ಅಂದರೆ ಯೋಜನೆಯವರ ತೀರ್ಮಾನಕ್ಕೆ ಕಟ್ಟುಬೀಳದೆ, ನೋಡುತ್ತದೆ. ಆದರೆ ಯೋಜನೆಯ ಪತ್ರದಲ್ಲೇ ನಿರ್ವಾಹಕರಿಗೆ ವಿವೇಚನೆಯ ಅಧಿಕಾರ ಕೊಟ್ಟಿದ್ದರೆ, ಅವರ ತೀರ್ಮಾನಕ್ಕೆ ‘ಡೆಫರೆನ್ಸ್’ ತೋರಿಸುತ್ತದೆ. ‘ಗೌರವ’ ಎಂದು ಬರೆದೆ, ಒಪ್ಪುತ್ತಿಲ್ಲ. ಇನ್ನೊಂದು: ತೀರ್ಮಾನಿಸುವವರೇ ಹಣ ಕೊಡಬೇಕಾದವರೂ ಆದಾಗಿನ ‘ಕಾನ್‌ಫ್ಲಿಕ್ಟ್ ಆಫ್ ಇಂಟರೆಸ್ಟ್’ಗೆ ‘ಹಿತಾಸಕ್ತಿ ಸಂಘರ್ಷ’ ನಡೆಯುತ್ತದಾ?

ಉತ್ತರ 1

ನಡೆಯುವುದಿಲ್ಲ. ‘ಘೃಷ್’ ಎಂದರೆ ಉಜ್ಜು. ಉಜ್ಜಾಡಲು ಇಬ್ಬರು ಬೇಕು, ಇಲ್ಲಿರುವುದು ಒಬ್ಬನೇ. ‘ಆಸಕ್ತಿ’ಯ ಮೂಲ ‘ಸಂಜ್’, ಅಂಟಿಕೊಳ್ಳುವುದು. ಎರಡನ್ನೂ ಹೊಲಿದು ಕನ್ನಡ ಅನ್ನುವುದು ಸಲ್ಲದು. ‘ಇಬ್ಬಗೆಯ ಹಂಗು’ ಎನ್ನಿ. ‘ಡೆಫರೆನ್ಸ್’ಗೆ ‘ಮನ್ನಣೆ’. ಮುಗಿಯಿತು.

ಉತ್ತರ 2

ಮುಗಿದಿಲ್ಲ. ‘ಮನ್ನಣೆ’ ಸಾಹಿತಿಗೆ ಸಿಗುವಂಥದ್ದು. ಕೋರ್ಟು ನಿರ್ವಾಹಕರನ್ನು ಮೆಚ್ಚುತ್ತಿಲ್ಲ, ಅವರ ತೀರ್ಮಾನಕ್ಕೆ ಕೈ ಹಾಕಲು ಹಿಂಜರಿಯುತ್ತಿದೆ, ಅಷ್ಟೇ. ನಾಮಪದವೇ ಬೇಕೆಂಬ ಹಟ ಯಾಕೆ? ‘ಅಧಿಕಾರದ ದುರ್ಬಳಕೆ ಆಗಿದ್ದರೆ ಮಾತ್ರ ಕೋರ್ಟು ಆ ತೀರ್ಮಾನವನ್ನು ಬದಲಿಸುತ್ತದೆ’ ಎಂದು ಬರೆಯಿರಿ. ಕಾಯಿಲೆಯವರಿಗೆ ಗೊತ್ತಾಗಬೇಕಾದ್ದು ಅದು.

‘ಹಿತಾಸಕ್ತಿ ಸಂಘರ್ಷ’ ಕ್ರಿಕೆಟ್ ಮಂಡಳಿಯ ಸುಧಾರಣೆಗೆಂದು ಬಂದ ಲೋಧಾ ಸಮಿತಿಯ ಕಾಲದಿಂದ ಕ್ರಿಕೆಟ್ ಸುದ್ದಿಯಲ್ಲಿ ಓಡಾಡುತ್ತಿದೆ. ಜನರಿಗೆ ಗೊತ್ತು. ಅದನ್ನೇ ಇಟ್ಟು, ಕೆಳಗೆ 2008ರ ಮೆಟ್‌ಲೈಫ್–ಗ್ಲೆನ್ ಮೊಕದ್ದಮೆಯನ್ನು ಹೇಳಿ. ಸಿಯರ್ಸ್ ಅಂಗಡಿ ಸಂಸ್ಥೆಯಲ್ಲಿ ಕೆಲಸಕ್ಕಿದ್ದ, ಹೃದಯದ ಕಾಯಿಲೆಯ ಹೆಣ್ಣುಮಗಳು ಗ್ಲೆನ್. ಹಣ ಕೊಡಬೇಕೇ ಎಂದು ತೀರ್ಮಾನಿಸುವುದೂ ವಿಮಾ ಕಂಪನಿ ಮೆಟ್‌ಲೈಫ್, ಕೊಡಬೇಕಾದದ್ದೂ ಮೆಟ್‌ಲೈಫ್. ‘ಯಾವ ಕೆಲಸವೂ ಆಗದು’ ಎಂದು ಸರ್ಕಾರದ ನೆರವಿನ ಯೋಜನೆ ಸೋಷಿಯಲ್ ಸೆಕ್ಯುರಿಟಿಗೆ ಹೇಳಲು ಆ ಹೆಣ್ಣುಮಗಳಿಗೆ ಕಂಪನಿಯೇ ಉತ್ತೇಜನ ಕೊಟ್ಟಿತು. ಅಲ್ಲಿ ಗೆದ್ದ ಹಣದ ಹೆಚ್ಚು ಪಾಲು ಕಂಪನಿಗೇ ಸಂದಿತು. ಆಮೇಲೆ ‘ಕೂತು ಮಾಡುವ ಕೆಲಸ ಮಾಡಬಹುದು’ ಎಂದು ತಾನೇ ಹಣ ನಿಲ್ಲಿಸಿತು! ಇದು ‘ಹಂಗು’ ಅಲ್ಲ ಸ್ವಾಮಿ, ಲಾಭ.

ಉತ್ತರ 1

ಕತೆ ಬೇಡ. ಎರವಲು ಪದ ಕ್ರಿಕೆಟ್ ಪುಟದಲ್ಲಿ ಬಂದರೆ ಕನ್ನಡವಾಗುತ್ತದೆಯೇ? ‘ಕೋರ್ಟು’ ಎಂದೂ ಬರೆಯುತ್ತೀರಿ. ನಾಚಿಕೆಯಾಗಬೇಕು.

ಉತ್ತರ 2

ಹಳ್ಳಿಯವರೂ ‘ಕೋರ್ಟಿಗೆ ಹಾಕ್ತೀನಿ’ ಅನ್ನುತ್ತಾರೆ. ನಿಮ್ಮ ‘ನ್ಯಾಯಾಲಯ’ ಸಂಸ್ಕೃತದ ಎರವಲಲ್ಲವೇ? ಒಂದಕ್ಕೆ ಬಾಗಿಲು ತೆಗೆದು ಇನ್ನೊಂದಕ್ಕೆ ಮುಚ್ಚುವುದು ಯಾವ ನಿಯಮ?

ಕರಪತ್ರದವರೇ, ಒಂದು ಎಚ್ಚರ. ಸಂಘರ್ಷ ಇದ್ದ ಮಾತ್ರಕ್ಕೆ ಕಂಪನಿ ಸೋಲುತ್ತದೆ ಎಂಬ ಅರ್ಥ ಬರದಿರಲಿ. ಕೋರ್ಟು ತೂಗಿ ನೋಡುವ ಅಂಶಗಳಲ್ಲಿ ಅದೂ ಒಂದು ಎಂದಷ್ಟೇ ಆ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಹೇಳಿದ್ದು. ಉಳಿದವು ಸಮಸಮ ಇದ್ದಾಗ ಅದೇ ತಕ್ಕಡಿ ವಾಲಿಸಬಹುದು. ಹಕ್ಕು ಪರಿಶೀಲಿಸುವವರನ್ನು ಹಣಕಾಸಿನವರಿಂದ ದೂರ ಇಟ್ಟ ಕಂಪನಿಯ ವಿಷಯದಲ್ಲಿ ಅದರ ತೂಕ ಕಡಿಮೆ. ‘ಒಂದು ಅಂಶ’ ಎಂಬ ಮಾತು ಬಿಡಬೇಡಿ.

ಕೇಳಿದವರು

ಬಿಡುವುದಿಲ್ಲ. ‘ಹಿತಾಸಕ್ತಿ ಸಂಘರ್ಷ’ ಇಟ್ಟಿದ್ದೇನೆ, ‘ಗೌರವ’ ತೆಗೆದು ನಿಮ್ಮ ವಾಕ್ಯ ಹಾಕಿದ್ದೇನೆ. ‘ಹಂಗು’ ಒಳ್ಳೆಯ ಪದ, ಆದರೆ ಇಲ್ಲಿಗಲ್ಲ. ‘ಪ್ಲಾನ್ ಅಡ್ಮಿನಿಸ್ಟ್ರೇಟರ್’ಗೆ ‘ನಿರ್ವಾಹಕ’ ಎಂದರೆ ಬಸ್ ಕಂಡಕ್ಟರ್ ನೆನಪಾಗುತ್ತಾನೆ ಅಂತ ಮುದ್ರಣದವರು ಕೇಳುತ್ತಿದ್ದಾರೆ. ಬೇರೆ ಪದ ಇದ್ದರೆ ರಾತ್ರಿಯೊಳಗೆ ತಿಳಿಸಿ.