ಗೋವಾದ ಗಣಿ ಊರುಗಳಲ್ಲಿ ಸೈಕಲ್ ಸವಾರಿ: ಹೋಗಿ ಬಂದವರು ಸ್ವಲ್ಪ ಹೇಳಿ

ವಾಸ್ಕೋದಿಂದ, ಕೇಳಿದವರು
ಎಲ್ಲರಿಗೂ ನಮಸ್ಕಾರ. ಹೊರದೇಶಗಳಲ್ಲಿ ಹಳೆ ಗಣಿಗಳ ನಡುವೆ ನಡೆಯುವುದಕ್ಕೆ, ಸೈಕಲ್ ಹೊಡೆಯುವುದಕ್ಕೆ ಅಂತಲೇ ದಾರಿ ಮಾಡಿರುತ್ತಾರಂತೆ. ನಮ್ಮ ಗೋವಾದಲ್ಲೂ ಇಷ್ಟು ವರ್ಷ ಕಬ್ಬಿಣದ ಅದಿರು ತೆಗೆದಿದ್ದಾರಲ್ಲ, ಇಲ್ಲಿ ಅಂಥದ್ದೇನಾದರೂ ಇದೆಯಾ? ನಾನು, ಹೆಂಡತಿ, ಹದಿಮೂರು ವರ್ಷದ ಮಗ. ಗೇರ್ ಇರುವ ಸೈಕಲ್ ಒಂದೇ, ಉಳಿದೆರಡು ಸಾದಾ. ಡಿಸೆಂಬರ್‌ನಲ್ಲಿ ಒಂದು ಭಾನುವಾರ ಹೋಗುವ ಯೋಚನೆ.

ಪಣಜಿಯಿಂದ
ಬೋರ್ಡ್ ಹಾಕಿದ ದಾರಿ ನನ್ನ ಕಣ್ಣಿಗಂತೂ ಬಿದ್ದಿಲ್ಲ. ನಾವೇ ಜೋಡಿಸಿಕೊಳ್ಳಬೇಕು. ನಾನು ಮೂರು ಸಲ ಹೋದದ್ದು ಹೀಗೆ: ಹಳೆ ಗೋವಾದಲ್ಲಿ ಫೆರಿ ಹತ್ತಿ ದಿವಾಡಿ ದ್ವೀಪ, ದ್ವೀಪ ದಾಟಿ ಇನ್ನೊಂದು ಫೆರಿಯಲ್ಲಿ ನಾರ್ವೆ, ಅಲ್ಲಿಂದ ಮಯೆ ಕೆರೆ, ಡಿಚೋಲಿ, ಸಾಖಳಿ, ಕೊನೆಗೆ ಹರವಳೆ ಜಲಪಾತ.

ಫೆರಿಯಲ್ಲೇ ಗಣಿಯ ಕಥೆ ಶುರುವಾಗುತ್ತದೆ. ಕೆಳಗೆ ಹರಿಯುವ ಮಾಂಡೋವಿ ಅಂದರೆ ನಮ್ಮ ಖಾನಾಪುರ ಕಡೆಯ ಮಹದಾಯಿಯೇ. ಅದಿರು ಗಣಿಯಿಂದ ಹೊಳೆದಂಡೆಯ ಜೆಟ್ಟಿಗೆ ಟಿಪ್ಪರ್‌ನಲ್ಲಿ, ಅಲ್ಲಿಂದ ಮುರಗಾಂವ್ ಬಂದರಿಗೆ ಬಾರ್ಜ್ ಅನ್ನುವ ಚಪ್ಪಟೆ ಸರಕು ದೋಣಿಯಲ್ಲಿ ಹೋಗುತ್ತಿತ್ತು. ವಾಸ್ಕೋದಲ್ಲಿರುವ ನೀವು ಬಂದರು ದಿನಾ ನೋಡುತ್ತೀರಿ. ಈ ದಾರಿಯಲ್ಲಿ ಅದರ ಹಿಂದಿನದೆಲ್ಲ ಸಿಗುತ್ತದೆ.

ನಾರ್ವೆಯ ಸಪ್ತಕೋಟೇಶ್ವರ ದೇವಸ್ಥಾನದಲ್ಲಿ ಇಳಿಯದೆ ಹೋಗಬೇಡಿ. ಗೋವಾ ಕದಂಬರ ಮನೆದೇವರು. ಮೊದಲು ದಿವಾಡಿಯಲ್ಲಿತ್ತು, ಪೋರ್ಚುಗೀಸರು ಕೆಡವಿದ ಮೇಲೆ ಲಿಂಗ ಹೊಳೆ ದಾಟಿ ಇತ್ತ ಬಂತು. 1668ರಲ್ಲಿ ಶಿವಾಜಿ ಗುಡಿಯನ್ನು ಹೊಸದಾಗಿ ಕಟ್ಟಿಸಲು ಹೇಳಿದರು.

ನಾರ್ವೆ ದಾಟಿದ ಮೇಲೆ ಏರು ಇದೆ. ಸಾದಾ ಸೈಕಲ್ ಇದ್ದರೆ ಇಳಿದು ತಳ್ಳಿ, ನಾಚಿಕೆ ಏನಿಲ್ಲ.

ಡಿಚೋಲಿಯಿಂದ, ಹಳೆ ಟಿಪ್ಪರ್ ಡ್ರೈವರ್
ನೋಡ್ರಿ ಸರ್, ನಾನು ಹುನಗುಂದದ ಕಡೆಯವನು. ಆರು ವರ್ಷ ಇದೇ ರಸ್ತೆಯಲ್ಲಿ ಅದಿರು ಹೊಡೆದೆ. 2010-11ರಲ್ಲಿ ಗೋವಾದಿಂದ 5 ಕೋಟಿ ಟನ್‌ಗಿಂತ ಜಾಸ್ತಿ ಅದಿರು ಹೊರಗೆ ಹೋಯಿತು, ಬಹುಪಾಲು ಚೀನಾಕ್ಕೆ. ಆಗ ಈ ರಸ್ತೆಗೆ ಸೈಕಲ್ ತರುವ ಧೈರ್ಯ ಯಾರಿಗೂ ಇರಲಿಲ್ಲ. 2012ರಲ್ಲಿ ಎಲ್ಲ ನಿಂತಿತು, ನಾವು ಟಿಪ್ಪರ್ ಮಾರಿದೆವು. ಆಮೇಲೆ ವರ್ಷಕ್ಕೆ 2 ಕೋಟಿ ಟನ್ ಮಿತಿ ಹಾಕಿ ಮತ್ತೆ ತೆಗೆಯಲು ಬಿಟ್ಟರು. 2018ರಲ್ಲಿ ಸುಪ್ರೀಂ ಕೋರ್ಟ್ 88 ಗಣಿ ಲೀಸ್ ರದ್ದು ಮಾಡಿತು, ಮತ್ತೆ ಬಂದ್. 2024ರಲ್ಲಿ ಡಿಚೋಲಿ ಕಡೆ ಮತ್ತೆ ಶುರುವಾಗಿದೆ. ಅದಕ್ಕೇ ಹೇಳುವುದು, ಹಳೆ ಗಣಿ ಅಂತ ಸುಮ್ನೆ ನಂಬಿ ಹೋಗಬೇಡಿ. ಕೆಲವು ಇನ್ನೂ ಹಳೆಯವಾಗಿಲ್ಲ. ಭಾನುವಾರವೇ ಹೋಗಿ, ಆದರೂ ಟಿಪ್ಪರ್ ಕಂಡರೆ ರಸ್ತೆ ಬಿಟ್ಟು ನಿಲ್ಲಿ.

ಮಗನಿಗೆ ಒಂದು ಆಟ ಹೇಳಿಕೊಡಿ. ಯಾವುದು ನಿಜವಾದ ಗುಡ್ಡ, ಯಾವುದು ನಾವು ಸುರಿದ ರಾಶಿ? ತಲೆ ಚಪ್ಪಟೆ, ಪಕ್ಕದಲ್ಲಿ ಮೆಟ್ಟಿಲು ಮೆಟ್ಟಿಲು, ಮೇಲೆ ಒಂದೇ ಎತ್ತರದ ಅಕೇಶಿಯಾ, ಗೇರು. ಹಾಗಿದ್ದರೆ ಅದು ರಾಶಿ. ಒಂದು ಟನ್ ಅದಿರಿಗೆ ಎರಡು ಮೂರು ಟನ್ ಮಣ್ಣು ಬರುತ್ತದೆ, ಅದನ್ನು ಎಲ್ಲಾದರೂ ಸುರಿಯಬೇಕಲ್ಲ.

ಮಯೆ ಹತ್ತಿರದಿಂದ, ಒಬ್ಬ ಅಕ್ಕ
ಎಲ್ಲರೂ ಚೆಂದ ಹೇಳುತ್ತಿದ್ದೀರಿ. ನನ್ನದೂ ಒಂದು ಮಾತು. ಮದುವೆಯಾಗಿ ಬಂದಾಗ ನಮ್ಮ ಬಾವಿಯಲ್ಲಿ ಮೇ ತಿಂಗಳಲ್ಲೂ ನೀರಿತ್ತು. ಗಣಿ ಆಳಕ್ಕೆ ಹೋಗಿ ಹಗಲೂ ರಾತ್ರಿ ನೀರು ಹೊರಗೆ ಎತ್ತತೊಡಗಿದ ಮೇಲೆ ಫೆಬ್ರವರಿಗೇ ತಳ ಕಾಣುತ್ತಿತ್ತು. ಮಳೆಗಾಲದಲ್ಲಿ ರಾಶಿಯ ಕೆಸರು ಇಳಿದು ಗದ್ದೆಗೆ ಬರುತ್ತಿತ್ತು. ಆ ಗುಂಡಿಗಳಲ್ಲಿ ಈಗ ಹಸಿರು ನೀರು ನಿಂತಿದೆ, ಫೋಟೋಗೆ ಚೆನ್ನಾಗಿ ಬರುತ್ತದೆ. ಅಂಚಿಗೆ ಮಾತ್ರ ಹೋಗಬೇಡಿ ತಮ್ಮಾ, ಸಡಿಲ ಮಣ್ಣು, ಕಾಲಿಟ್ಟಲ್ಲೇ ಜಾರುತ್ತದೆ. ಈಜು ಅಂತೂ ಬೇಡವೇ ಬೇಡ. ಬಾಗಿಲಲ್ಲಿ ನೀರು ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ, ಜೊತೆಗೆ ಬೆಲ್ಲವೂ ಕೊಡುತ್ತೇವೆ.

ಪೋಂಡಾದಿಂದ
ಸಾಖಳಿಯ ಹಳೆ ಗಣಿಯಲ್ಲಿ ಕಂಪನಿಯವರು ಗಿಡ ನೆಟ್ಟು ಕಾಡು ಮಾಡಿದ್ದಾರೆ, ನೋಡುವಂಥದ್ದೇ. ಒಳಗೆ ಹೋಗಲು ಮೊದಲೇ ಅನುಮತಿ ತೆಗೆದುಕೊಳ್ಳಿ. ನಾನು ಗೇಟಿನಲ್ಲಿ ಅರ್ಧ ಗಂಟೆ ವಾದ ಮಾಡಿ ವಾಪಸ್ ಬಂದವನು. ಹರವಳೆಯಲ್ಲಿ ಜಲಪಾತದ ಜೊತೆಗೆ ಚಿರೆಕಲ್ಲಿನಲ್ಲಿ (ಕೆಂಪು ಜಂಬಿಟ್ಟಿಗೆ ಕಲ್ಲು) ಕೊರೆದ ಗುಹೆಗಳೂ ಇವೆ, ಒಳಗೆ ಲಿಂಗಗಳಿವೆ.

ಇನ್ನೊಂದು: ಅದಿರಿನ ಧೂಳು ಚೈನ್ ಎಣ್ಣೆಗೆ ಸೇರಿದರೆ ಅರೆದ ಮಸಾಲೆಯಂತೆ ಗಟ್ಟಿಯಾಗುತ್ತದೆ. ಹೋಗುವಾಗ ಎಣ್ಣೆ ಕಡಿಮೆ ಹಾಕಿ. ಬಂದ ದಿನವೇ ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಒರೆಸಿ.

ಕುಡಚಡೆಯಿಂದ, ಶಾಲೆ ಮೇಷ್ಟ್ರು
ಉತ್ತರ ಗೋವಾದವರೇ ಮಾತಾಡುತ್ತಿದ್ದೀರಿ! ದಕ್ಷಿಣಕ್ಕೆ, ನಮ್ಮ ಕಡೆಗೂ ಬನ್ನಿ. ರಿವಣ ದಾಟಿ ಕುಶಾವತಿ ಹೊಳೆದಂಡೆಯಲ್ಲಿ ಉಸಗಾಳಿಮಳ್ ಇದೆ. ಚಿರೆಕಲ್ಲಿನ ಹಾಸಿನ ಮೇಲೆ ಇತಿಹಾಸಪೂರ್ವ ಕಾಲದವರು ಕೊರೆದ ಗೂಳಿ, ಜಿಂಕೆ, ಸುತ್ತು ಸುತ್ತಿನ ಚಕ್ರ. 1993ರಲ್ಲಿ ಹೊರಗಿನವರ ಗಮನಕ್ಕೆ ಬಂತು. ಇದೂ ಗಣಿ ಪ್ರದೇಶವೇ. ಅದಿರಿಗಾಗಿ ಕೊರೆದ ನೆಲದ ಪಕ್ಕದಲ್ಲೇ ಚಿತ್ರಕ್ಕಾಗಿ ಕೊರೆದ ಕಲ್ಲು. ಬೆಳಿಗ್ಗೆ ಇಲ್ಲವೇ ಸಂಜೆ ಓರೆ ಬಿಸಿಲಿನಲ್ಲಿ ಗೆರೆಗಳು ಎದ್ದು ಕಾಣುತ್ತವೆ, ನಡು ಮಧ್ಯಾಹ್ನ ಬರಿ ಕಲ್ಲು. ಚಪ್ಪಲಿ ಕಳಚಿ ನಡೆಯಿರಿ.

ಕುಳೆಂ ಕಡೆ ಹೋಗಿ ದೂಧಸಾಗರಕ್ಕೆ ರೈಲು ಹಳಿಯ ಮೇಲೆ ನಡೆಯುವ ಯೋಚನೆ ಇದ್ದರೆ ಬಿಡಿ, ಅದಕ್ಕೆ ಬಿಡುವುದಿಲ್ಲ.

ವಾಸ್ಕೋದಿಂದ, ಕೇಳಿದವರು
ಹೋಗಿ ಬಂದೆವು! ಸಾಖಳಿಗೇ ಸಾಕಾಯಿತು, ಹರವಳೆಗೆ ರಿಕ್ಷಾ. ವಾಪಸ್ ಬರುವಾಗ ಸೈಕಲ್‌ಗಳನ್ನು ಟೆಂಪೋಗೆ ಹಾಕಿದೆವು. ಮಗ ರಾಶಿ, ಗುಡ್ಡ ಎಣಿಸುತ್ತಾ ಹೋದ, ಏಳು ರಾಶಿ, ಮೂರು ಗುಡ್ಡ ಅಂತ ಅವನ ಲೆಕ್ಕ. ಒಂದರ ಬಗ್ಗೆ ಅಮ್ಮನ ಜೊತೆ ಇನ್ನೂ ಜಗಳ ನಡೆದಿದೆ. ಅಕ್ಕಾ, ನಿಮ್ಮ ಊರಲ್ಲೇ ನೀರು ಕುಡಿದೆವು ಅನಿಸುತ್ತದೆ, ಬೆಲ್ಲವೂ ಸಿಕ್ಕಿತು. ಬಿಳಿ ಸಾಕ್ಸ್ ಮೂರು ಸಲ ಒಗೆದರೂ ಕೆಂಪಾಗಿಯೇ ಇದೆ. ಮೇಷ್ಟ್ರೇ, ಉಸಗಾಳಿಮಳ್‌ಗೆ ಜನವರಿಯಲ್ಲಿ ಬರುತ್ತೇವೆ. ವಾಸ್ಕೋದಿಂದ ಎಷ್ಟು ಹೊತ್ತಿಗೆ ಹೊರಟರೆ ಆ ಓರೆ ಬಿಸಿಲು ಸಿಗುತ್ತದೆ?